ಘಟ್ಟ ಇಳಿದ ಮೇಲೆ

ಬೆಂಗಳೂರಿನಿಂದ ರಾತ್ರಿ ಹತ್ತೂವರೆಗೆ ಹೊರಟ ಬಸ್ಸು ಹಾಸನವನ್ನು ದಾಟಿ ಸಕಲೇಶಪುರಕ್ಕೆ ಬರುವಾಗ ಗಡಿಯಾರದ ಮುಳ್ಳು ಮೂರರ ಆಸುಪಾಸಿನಲ್ಲಿರುತ್ತದೆ. ಮುಂದೆ ಶಿರಾಡಿ ಘಟ್ಟ. ಕಿಟಕಿಗೆ ತಲೆಯಾನಿಸಿ ಮಲಗಿದ್ದವರಲ್ಲಿ ಒಂದಿಬ್ಬರು ತಿರುವಿನ ಓಲಾಟಕ್ಕೆ ಎಚ್ಚೆತ್ತು, ಹೊರಗಿನ ಕತ್ತಲೆಯನ್ನು ನೋಡಿ, ಮನಸ್ಸಿನಲ್ಲಿಯೇ ದೇವರ ಹೆಸರು ಹೇಳಿ ಮತ್ತೆ ಕಣ್ಣು ಮುಚ್ಚುತ್ತಾರೆ. ಗುಂಡ್ಯ ಬಂದಿತೆಂದರೆ ಅವರಿಗೆ ಸಮಾಧಾನ. ಘಟ್ಟ ಇಳಿದಾಯಿತು, ಇನ್ನು ನೆಲ್ಯಾಡಿ, ಉಪ್ಪಿನಂಗಡಿ, ಮಾಣಿ, ಕಲ್ಲಡ್ಕ, ಬಿ.ಸಿ.ರೋಡು. ಊರು ಬಂದ ಹಾಗೆಯೇ.

ಅಪಾಯವೆಲ್ಲ ಘಟ್ಟದಲ್ಲಿಯೇ ಉಳಿಯಿತೆಂಬ ಈ ಎಣಿಕೆ ಅರ್ಧ ಮಾತ್ರ ಸರಿ. ಘಟ್ಟದ ತಿರುವುಗಳಲ್ಲಿ ಚಾಲಕನ ಕೈಗೂ ಕಾಲಿಗೂ ಬಿಡುವಿಲ್ಲ. ಕಣ್ಣು ಎದುರಿನಿಂದ ಬರುವ ಬೆಳಕನ್ನು ಅಳೆಯುತ್ತಿರುತ್ತದೆ. ಒಂದು ಪಕ್ಕದಲ್ಲಿ ಬೆಟ್ಟ, ಇನ್ನೊಂದು ಪಕ್ಕದಲ್ಲಿ ಕೆಂಪುಹೊಳೆಯ ಕಮರಿ. ಅಲ್ಲಿ ಭಯವೇ ಕಾವಲುಗಾರ. ಇಳಿಜಾರು ಮುಗಿದು ರಸ್ತೆ ಸಮನಾಗುತ್ತಲೇ ಆ ಕಾವಲುಗಾರನು ಕೆಲಸ ಬಿಟ್ಟು ಹೊರಟುಹೋಗುತ್ತಾನೆ. ಮಲೆನಾಡಿನ ಚಳಿ ಹಿಂದೆ ಉಳಿದು ಕರಾವಳಿಯ ಬೆಚ್ಚನೆಯ ಗಾಳಿ ಮುಖಕ್ಕೆ ತಾಗುತ್ತದೆ. ಬಿಗಿಹಿಡಿದಿದ್ದ ಭುಜಗಳು ಸಡಿಲಗೊಳ್ಳುತ್ತವೆ, ಎಂಜಿನ್ನಿನ ಸದ್ದು ಒಂದೇ ಶ್ರುತಿಗೆ ಬಂದು ನಿಲ್ಲುತ್ತದೆ. ಹೊತ್ತು ನಾಲ್ಕು ಗಂಟೆ. ಬಸ್ಸಿನಲ್ಲಿರುವ ನಲವತ್ತು ಜನರೂ ನಿದ್ರಿಸುತ್ತಿದ್ದಾರೆ. ನಿದ್ರಿಸಬಾರದವನು ಒಬ್ಬನೇ ಒಬ್ಬ. ಅವನ ದೇಹವೂ ಉಳಿದ ನಲವತ್ತು ದೇಹಗಳಂಥದೇ ಎಂಬುದನ್ನು ಟಿಕೆಟ್ಟು ಕೊಂಡವರು ನೆನೆಯುವುದು ಅಪರೂಪ.

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕುಗಳಿಗೆ ಇಂಥ ರಸ್ತೆಗಳು ಒಂದೊಂದಾಗಿ ಹಂಚಿಬಂದಿವೆ. ಶಿರಾಡಿಯಿಂದ ಇಳಿದ ರಾಷ್ಟ್ರೀಯ ಹೆದ್ದಾರಿ 75 ಬಂಟ್ವಾಳ ತಾಲೂಕನ್ನು ಹಾದು ಮಂಗಳೂರಿಗೆ ಹೋಗುತ್ತದೆ. ಚಾರ್ಮಾಡಿಯಿಂದ ಇಳಿದ ಹೆದ್ದಾರಿ 73 ಮುಂಡಾಜೆ, ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆಗಳ ಮೂಲಕ ಬಂದು ಬಂಟ್ವಾಳದಲ್ಲಿ ಅದನ್ನು ಕೂಡಿಕೊಳ್ಳುತ್ತದೆ. ಕಾರ್ಕಳದ ಕಡೆಯಿಂದ ಬರುವ ಹೆದ್ದಾರಿ 169 ಮೂಡುಬಿದಿರೆಯನ್ನು ದಾಟಿ ಮಂಗಳೂರು ಸೇರುತ್ತದೆ. ಘಟ್ಟದ ಮೇಲಿನಿಂದ ರಾತ್ರಿಯೆಲ್ಲ ಓಡಿಬಂದ ವಾಹನಗಳು ಬೆಳಗಿನ ಜಾವದಲ್ಲಿ ಈ ಮೂರು ತಾಲೂಕುಗಳಲ್ಲಿರುತ್ತವೆ. ಚಾಲಕನು ಅತ್ಯಂತ ದುರ್ಬಲನಾಗಿರುವ ಗಳಿಗೆಯಲ್ಲಿ ಅವನನ್ನು ಎದುರುಗೊಳ್ಳುವುದು ಇಲ್ಲಿಯ ರಸ್ತೆಯ ಭಾಗ್ಯ.

ದುರ್ಬಲ ಎಂಬ ಮಾತಿಗೆ ಕಾರಣವಿದೆ. ಮನುಷ್ಯದೇಹದ ಒಳಗಿನ ಗಡಿಯಾರವು ದಿನಕ್ಕೆ ಎರಡು ಬಾರಿ ನಿದ್ರೆಗೆ ಕರೆ ಕೊಡುತ್ತದೆ: ರಾತ್ರಿ ಎರಡರಿಂದ ಬೆಳಗಿನ ಆರರೊಳಗೆ ಬಲವಾಗಿ, ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಸ್ವಲ್ಪ ಮೆಲ್ಲಗೆ. ಇದಲ್ಲದೆ ಎಚ್ಚರವಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ದ್ರವ್ಯವು ಶೇಖರವಾಗುತ್ತ ಹೋಗಿ ನಿದ್ರೆಯ ಒತ್ತಡವನ್ನು ಹೆಚ್ಚಿಸುತ್ತದೆ. ಈ ಸಾಲವನ್ನು ತೀರಿಸುವ ಉಪಾಯ ಒಂದೇ, ನಿದ್ರೆ. ಬಹುಕಾಲ ತೀರಿಸದೆ ಹೋದರೆ ಮಿದುಳು ಕೇಳದೆಯೇ ವಸೂಲು ಮಾಡಿಕೊಳ್ಳುತ್ತದೆ. ಮೂರು ನಾಲ್ಕು ಸೆಕೆಂಡುಗಳ ಕಿರುನಿದ್ರೆ ಬಂದು ಹೋಗುತ್ತದೆ. ಎಷ್ಟೋ ವೇಳೆ ಕಣ್ಣು ತೆರೆದೇ ಇರುತ್ತದೆ, ನೋಟ ಮಾತ್ರ ಇರುವುದಿಲ್ಲ. ನಿದ್ರಿಸಿದವನಿಗೆ ತಾನು ನಿದ್ರಿಸಿದೆನೆಂಬುದೂ ತಿಳಿಯದು.

ನಾಲ್ಕು ಸೆಕೆಂಡು ಎಂದರೆ ಅಲ್ಪವೆಂದು ತೋರಬಹುದು. 2020ರಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿದಾಗ ದೇಶವೇ ಬೆರಗಾಯಿತು. ಗಂಟೆಗೆ 60 ಕಿಲೋಮೀಟರ್ ವೇಗದ ಸಾಧಾರಣ ಕಾರು ನಾಲ್ಕು ಸೆಕೆಂಡುಗಳಲ್ಲಿ 66 ಮೀಟರ್, ಎಂದರೆ ಆ ಕರೆಯ ಹತ್ತಿರ ಹತ್ತಿರ ಅರ್ಧವನ್ನು ಕ್ರಮಿಸುತ್ತದೆ. ಕಂಬಳದ ಕರೆಯಲ್ಲಿ ಕೋಣಗಳ ಹಿಂದೆ ಎಚ್ಚರವುಳ್ಳ ಓಟಗಾರನಿರುತ್ತಾನೆ. ಈ 66 ಮೀಟರ್‌ಗಳಲ್ಲಿ ವಾಹನವನ್ನು ನಡೆಸುವವರು ಯಾರೂ ಇರುವುದಿಲ್ಲ.

ಇಷ್ಟಾದರೂ ಸರಕಾರಿ ಲೆಕ್ಕದಲ್ಲಿ ನಿದ್ರೆಗೆ ಜಾಗವಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳು ನಡೆದು 1,68,491 ಮಂದಿ ಸತ್ತರು ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ನಿಯಮೋಲ್ಲಂಘನೆಯ ಪಟ್ಟಿಯಲ್ಲಿ ಅತಿವೇಗವಿದೆ, ಮದ್ಯಪಾನವಿದೆ, ತಪ್ಪು ಪಕ್ಕದ ಚಾಲನೆಯಿದೆ, ಕೆಂಪು ದೀಪವನ್ನು ಲೆಕ್ಕಿಸದಿರುವುದಿದೆ, ಮೊಬೈಲ್ ಫೋನಿದೆ. ಕೊನೆಗೆ ‘ಇತರ’ ಎಂಬ ದೊಡ್ಡ ಗೋಣಿಚೀಲವಿದೆ. ನಿದ್ರೆ ಆ ಚೀಲದೊಳಗೋ ಅತಿವೇಗದ ಬೆನ್ನ ಹಿಂದೆಯೋ ಅಡಗಿಕೊಂಡಿರುತ್ತದೆ. ಹಾಗಾಗುವುದು ಸಹಜವೇ. ಕುಡಿದವನ ಉಸಿರನ್ನು ಯಂತ್ರಕ್ಕೆ ಊದಿಸಬಹುದು. ನಿದ್ರೆಯನ್ನು ಅಳೆಯುವ ಅಂಥ ಯಂತ್ರ ಪೊಲೀಸರ ಕೈಯಲ್ಲಿಲ್ಲ. ಬದುಕಿ ಉಳಿದ ಚಾಲಕನು ತೂಕಡಿಸಿದೆನೆಂದು ಒಪ್ಪಿ ಕೆಲಸವನ್ನೂ ಪರವಾನಿಗೆಯನ್ನೂ ಕಳೆದುಕೊಳ್ಳುವನೆ? ಎದುರಿಗೆ ದನ ಅಡ್ಡ ಬಂದಿತೆನ್ನುತ್ತಾನೆ. ಸತ್ತವನಂತೂ ಹೇಳಿಕೆ ಕೊಡುವುದಿಲ್ಲ. ರಸ್ತೆಯ ಮೇಲೆ ಬ್ರೇಕಿನ ಗುರುತು ಇಲ್ಲದಿರುವುದೊಂದೇ ಸಾಕ್ಷಿ; ಮಳೆಗಾಲದ ಆರು ತಿಂಗಳು ಅದನ್ನೂ ನಂಬುವಂತಿಲ್ಲ.

ಅಳೆಯುವ ಯಂತ್ರವಿಲ್ಲದಿದ್ದರೂ ಹೋಲಿಸಿ ನೋಡಿದವರಿದ್ದಾರೆ. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರ ಪ್ರಯೋಗವು ಈ ವಿಷಯದಲ್ಲಿ ಇಂದಿಗೂ ಉದಾಹೃತವಾಗುತ್ತದೆ. ಸತತ 17 ಗಂಟೆ ಎಚ್ಚರವಿದ್ದವನ ಕೈ–ಕಣ್ಣುಗಳ ಹೊಂದಾಣಿಕೆಯು 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವುಳ್ಳವನಷ್ಟು ಕೆಟ್ಟಿರುತ್ತದೆ. 24 ಗಂಟೆ ಎಚ್ಚರವಿದ್ದರೆ ಸುಮಾರು 100 ಮಿಲಿಗ್ರಾಮಿನಷ್ಟು. ಭಾರತದ ಕಾನೂನು ಚಾಲಕನಿಗೆ ಅನುಮತಿಸಿರುವ ಗರಿಷ್ಠ ಪ್ರಮಾಣ 30 ಮಿಲಿಗ್ರಾಂ. ಬೆಳಗ್ಗೆ ಐದಕ್ಕೆ ಎದ್ದ ಗೃಹಸ್ಥನೊಬ್ಬನು ಒಂದು ಹನಿಯನ್ನೂ ಮುಟ್ಟದೆ, ಹಣೆಯಲ್ಲಿ ಗಂಧವಿಟ್ಟುಕೊಂಡು, ರಾತ್ರಿ ಹತ್ತಕ್ಕೆ ಸ್ಟಿಯರಿಂಗಿನ ಮುಂದೆ ಕುಳಿತನೆಂದರೆ ಕುಡುಕನ ಮಿತಿಯನ್ನು ಅವನು ಆಗಲೇ ದಾಟಿರುತ್ತಾನೆ.

ಕರಾವಳಿಯವರಿಗೆ ಈ ಮಾತು ಸುಲಭವಾಗಿ ರುಚಿಸಲಾರದು. ಇದು ರಾತ್ರಿ ಎಚ್ಚರವಿರುವುದನ್ನು ಒಂದು ಸಂಸ್ಕೃತಿಯಾಗಿ ಬೆಳೆಸಿದ ನಾಡು. ದೀಪಾವಳಿಯ ಅನಂತರ ತಿರುಗಾಟಕ್ಕೆ ಹೊರಟ ಮೇಳಗಳು ಪತ್ತನಾಜೆಯ ತನಕ ದಿನಕ್ಕೊಂದು ಊರಿನಲ್ಲಿ ಆಟವಾಡುತ್ತವೆ. ಕಂಬಳವು ಬೆಳಗ್ಗೆ ಆರಂಭವಾಗಿ ಹಗಲು ರಾತ್ರಿಗಳನ್ನು ಕಳೆದು ಮರುದಿನಕ್ಕೆ ಮುಗಿಯುತ್ತದೆ. ನೇಮ, ಕೋಲ, ಜಾತ್ರೆ, ಎಲ್ಲವೂ ರಾತ್ರಿಯವೇ. ಶಿವರಾತ್ರಿಗೆ ಘಟ್ಟದ ಮೇಲಿನಿಂದ ಕಾಲ್ನಡಿಗೆಯಲ್ಲಿ ಧರ್ಮಸ್ಥಳಕ್ಕೆ ಬರುವ ಸಾವಿರಾರು ಭಕ್ತರು ಚಾರ್ಮಾಡಿಯಿಂದ ಉಜಿರೆಯವರೆಗೆ ಹೆದ್ದಾರಿಯ ಅಂಚಿನಲ್ಲಿಯೇ ಕತ್ತಲಲ್ಲಿ ನಡೆಯುತ್ತಿರುತ್ತಾರೆ. ಅವರ ಬೆನ್ನ ಹಿಂದಿನಿಂದ ಬರುವ ಲಾರಿಯವನು ಎಷ್ಟು ಹೊತ್ತಿನಿಂದ ಎಚ್ಚರವಾಗಿದ್ದಾನೆಂಬುದು ಅವರಿಗೆ ತಿಳಿಯುವ ಬಗೆಯಿಲ್ಲ.

ಹಿಂದೆ ಈ ಜಾಗರಣೆಗೆ ಅದರದೇ ಆದ ರಕ್ಷಣೆಯಿತ್ತು. ಆಟ ನೋಡಲು ಹೋದವರು ಚಾಪೆ ಒಯ್ಯುತ್ತಿದ್ದರು. ಬೇಸರವಾದಾಗ ಅಲ್ಲಿಯೇ ಮಗ್ಗುಲಾಗಿ, ಬಣ್ಣದ ವೇಷದ ಅಬ್ಬರಕ್ಕೆ ಎದ್ದು ಕುಳಿತು, ಬೆಳಗಾದ ಮೇಲೆ ಗದ್ದೆಯ ಬದುವಿನಲ್ಲಿ ನಡೆದು ಮನೆ ಸೇರುತ್ತಿದ್ದರು. ಬದುವಿನಲ್ಲಿ ತೂಕಡಿಸಿದವನು ಹೆಚ್ಚೆಂದರೆ ಕೆಸರಿಗೆ ಬೀಳುತ್ತಿದ್ದ. ಇಂದು ಅವನ ಮೊಮ್ಮಗನು ಅದೇ ಆಟವನ್ನು ನೋಡಿ ಅದೇ ಹೊತ್ತಿಗೆ ಬೈಕಿನಲ್ಲಿ ಹೊರಡುತ್ತಾನೆ. ಕಲಾವಿದರ ಪಾಡು ಇನ್ನೂ ಕಷ್ಟದ್ದು. ರಾತ್ರಿಯೆಲ್ಲ ಕುಣಿದು, ಬೆಳಗಿನ ಜಾವ ಬಣ್ಣ ತೆಗೆದು, ಮೂವತ್ತು ನಲವತ್ತು ಕಿಲೋಮೀಟರ್ ದೂರದ ಮನೆಗೆ ದ್ವಿಚಕ್ರದಲ್ಲಿ ಸಾಗುವವರು ಎಷ್ಟೋ ಮಂದಿ. ದಾರಿಯಲ್ಲಿ ಅಪಘಾತಕ್ಕೀಡಾದವರ ಸುದ್ದಿಯನ್ನು ಕರಾವಳಿಯ ಪತ್ರಿಕೆಗಳು ಒಂದಲ್ಲ ಹಲವು ಬಾರಿ ಅಚ್ಚು ಹಾಕಿವೆ. ಧರ್ಮಸ್ಥಳ ಮೇಳದಂಥವು ಕಾಲಮಿತಿಯ ಪ್ರಯೋಗಕ್ಕೆ ತಿರುಗಿ ಮಧ್ಯರಾತ್ರಿಗೆ ಮಂಗಳ ಹಾಡತೊಡಗಿದಾಗ ಹಳೆಯ ರಸಿಕರು ಗೊಣಗಿದರು. ರಸದೃಷ್ಟಿಯಿಂದ ಅವರ ಗೊಣಗಾಟದಲ್ಲಿ ಹುರುಳಿದೆ. ಆದರೆ ಬೆಳಗಿನ ನಾಲ್ಕು ಗಂಟೆಯ ರಸ್ತೆಗೆ ರಸದೃಷ್ಟಿ ಇಲ್ಲ.

ರಾತ್ರಿಯ ಆಟಗಳಿಗೆ ಕಥೆಯನ್ನೊದಗಿಸಿದ ಮಹಾಭಾರತಕ್ಕೆ ಈ ವಿವೇಕ ಹೊಸದಲ್ಲ. ಅರ್ಜುನನಿಗೆ ಗುಡಾಕೇಶನೆಂದು ಹೆಸರು. ನಿದ್ರೆಯನ್ನು ಗೆದ್ದವನೆಂದು ಅದಕ್ಕೆ ಅರ್ಥ ಹೇಳುವುದುಂಟು. ದ್ರೋಣಪರ್ವದಲ್ಲಿ, ಜಯದ್ರಥನು ಸತ್ತ ದಿನ, ಕಾಳಗವು ಸೂರ್ಯಾಸ್ತವನ್ನೂ ಮೀರಿ ರಾತ್ರಿಗೆ ಮುಂದುವರಿಯುತ್ತದೆ. ಘಟೋತ್ಕಚನೂ ಮಡಿದ ಮೇಲೆ ಸೈನಿಕರ ಕಣ್ಣು ಮುಚ್ಚಿಬರುತ್ತದೆ. ತಮ್ಮವರಾರು ಪರರಾರೆಂದು ಅರಿಯದೆ ನಿದ್ದೆಗಣ್ಣಿನಲ್ಲಿ ಆಯುಧ ಬೀಸುತ್ತಾರೆ, ಕೆಲವರ ಕೈಯಿಂದ ಆಯುಧಗಳೇ ಜಾರುತ್ತವೆ. ಅದನ್ನು ಕಂಡು ಗಟ್ಟಿಯಾಗಿ ಕೂಗಿ, ಎರಡು ಸೇನೆಗಳೂ ರಣರಂಗದಲ್ಲಿಯೇ ಮಲಗಲಿ, ಚಂದ್ರೋದಯವಾದ ಮೇಲೆ ಯುದ್ಧ ಮುಂದುವರಿಯಲಿ ಎಂದವನು ಬೇರಾರೂ ಅಲ್ಲ, ಅದೇ ಗುಡಾಕೇಶ. ಕೌರವರೂ ಆ ಮಾತನ್ನು ಒಪ್ಪಿ ಅವನನ್ನು ಹರಸಿದರು. ಆನೆಯ ಬೆನ್ನಿನ ಮೇಲೆ, ರಥದ ನೊಗಕ್ಕೊರಗಿ, ಬರಿನೆಲದ ಮೇಲೆ ಹದಿನೆಂಟು ಅಕ್ಷೌಹಿಣಿಗಳಲ್ಲಿ ಉಳಿದವರೆಲ್ಲ ಮಲಗಿದರು. ನಿದ್ರೆಯನ್ನು ಗೆದ್ದವನೆನಿಸಿಕೊಂಡವನು ಅದಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಲು ಹಿಂಜರಿಯಲಿಲ್ಲ. ಇಂದಿನ ಟ್ಯಾಕ್ಸಿ ಚಾಲಕನಿಗೆ ಅಂಥ ಕದನವಿರಾಮವನ್ನು ಘೋಷಿಸುವ ಅಧಿಕಾರವಿಲ್ಲ. ಅದು ಹಿಂದಿನ ಆಸನದಲ್ಲಿ ಕುಳಿತವರದು.

ಹಿಂದಿನ ಆಸನದಲ್ಲಿರುವವರು ದುಷ್ಟರೇನೂ ಅಲ್ಲ. ಬೆಂಗಳೂರಿನ ಒಂದು ಕುಟುಂಬ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಗಂಡನ ತಾಯಿ. ಎರಡೇ ದಿನ ರಜೆ. ಶುಕ್ರವಾರ ಕಚೇರಿ ಮುಗಿಸಿ ರಾತ್ರಿ ಹತ್ತಕ್ಕೆ ಹೊರಟರೆ ಬೆಳಗ್ಗೆ ಧರ್ಮಸ್ಥಳ. ಒಂದು ಹಗಲು ಉಳಿಯುತ್ತದೆ, ಒಂದು ರಾತ್ರಿಯ ಕೊಠಡಿಯ ಬಾಡಿಗೆಯೂ ಉಳಿಯುತ್ತದೆ. ಮಧ್ಯಮವರ್ಗದ ಯಾವ ಮನೆಯಲ್ಲಿ ಈ ಲೆಕ್ಕ ಹಾಕಿಲ್ಲ? ಬಾಡಿಗೆಯ ಕಾರು ಬಾಗಿಲಿಗೆ ಬರುತ್ತದೆ. ಅದರ ಚಾಲಕನು ಅಂದು ಬೆಳಗ್ಗೆ ಐದಕ್ಕೆ ಎದ್ದು, ಯಾರನ್ನೋ ವಿಮಾನ ನಿಲ್ದಾಣಕ್ಕೆ ಬಿಟ್ಟು, ಹಗಲೆಲ್ಲ ಊರೊಳಗಿನ ಬಾಡಿಗೆ ಹೊಡೆದು ಬಂದವನು. ಹೊರಡುವಾಗಲೇ ಅವನಿಗೆ ಹದಿನೇಳು ಗಂಟೆಗಳಾಗಿವೆ.

“ಡ್ರೈವರ್, ನಿದ್ದೆ ಬರ್ತಾ ಇಲ್ಲ ತಾನೆ?” ಎಂದು ನೆಲಮಂಗಲದ ಹತ್ತಿರ ಯಜಮಾನರು ವಿಚಾರಿಸುತ್ತಾರೆ.

“ಇಲ್ಲ ಸಾರ್, ನಮಗೆಲ್ಲ ಅಭ್ಯಾಸ.”

ಬೇರೆ ಉತ್ತರವನ್ನು ಕೊಡುವಂತಿಲ್ಲ. ನಿದ್ದೆ ಬರುತ್ತಿದೆಯೆಂದರೆ ಮುಂದಿನ ಬಾಡಿಗೆ ಇನ್ನೊಬ್ಬನಿಗೆ ಹೋಗುತ್ತದೆ. ಯಜಮಾನರು ಸಮಾಧಾನದಿಂದ ಕಣ್ಣು ಮುಚ್ಚುತ್ತಾರೆ. ನಿದ್ರೆಯನ್ನು ಅಭ್ಯಾಸದಿಂದ ಗೆಲ್ಲಬಹುದೆಂಬುದು ಮಾತ್ರ ಭ್ರಮೆ. ನಿದ್ದೆಗೆಡುವುದು ರೂಢಿಯಾದಂತೆ ತಾನು ದಣಿದಿಲ್ಲವೆಂಬ ನಂಬಿಕೆ ಬೆಳೆಯುತ್ತದೆ, ದಣಿವು ಹಾಗೆಯೇ ಇರುತ್ತದೆ.

ಚಾರ್ಮಾಡಿಯನ್ನು ಇಳಿದು ಐದು ಗಂಟೆಗೆ ಧರ್ಮಸ್ಥಳ ತಲುಪಿದಾಗ ಚಾಲಕನು ಎಚ್ಚೆತ್ತು ಇಪ್ಪತ್ತನಾಲ್ಕು ಗಂಟೆಗಳು ಸಂದಿವೆ. ಕುಟುಂಬವು ಕೊಠಡಿ ಹಿಡಿದು ಸ್ನಾನ ಮಾಡಿ ದರ್ಶನಕ್ಕೆ ಹೋಗುತ್ತದೆ. ಚಾಲಕನು ಆಸನವನ್ನು ಹಿಂದಕ್ಕೆ ಬಾಗಿಸಿ, ಗಾಜನ್ನು ಅರ್ಧ ಇಳಿಸಿ, ಸೊಳ್ಳೆಗಳ ನಡುವೆ ಒರಗುತ್ತಾನೆ. ಬಿಸಿಲೇರಿದಂತೆ ಕಾರು ಒಲೆಯಾಗುತ್ತದೆ. ಒಂದೂವರೆಗೆ ಅನ್ನಪ್ರಸಾದ, ಎರಡಕ್ಕೆ ವೇಣೂರಿನತ್ತ ಪ್ರಯಾಣ. ದೇಹದ ಗಡಿಯಾರದ ಎರಡನೆಯ ಕರೆ ಬರುವುದು ಆ ಹೊತ್ತಿಗೇ. 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ ವೇಣೂರಿನ ಗೊಮ್ಮಟನನ್ನು ನೋಡುವ ಉತ್ಸಾಹ ಹಿಂದಿನ ಆಸನದಲ್ಲಿ. ಮುಂದಿನ ಆಸನದಲ್ಲಿ ರೆಪ್ಪೆಗಳ ಭಾರ.

ಕಾನೂನು ಇದನ್ನು ಕಾಣದೆ ಇಲ್ಲ. 1939ರ ಮೋಟಾರು ವಾಹನ ಕಾಯಿದೆಯಲ್ಲಿಯೇ ಸಾರಿಗೆ ವಾಹನದ ಚಾಲಕನನ್ನು ಐದು ಗಂಟೆಗೊಮ್ಮೆ ಅರ್ಧ ಗಂಟೆಯ ವಿಶ್ರಾಂತಿಯಿಲ್ಲದೆ ದುಡಿಸಬಾರದು, ದಿನಕ್ಕೆ ಒಂಬತ್ತು ಗಂಟೆ ಮೀರಬಾರದು ಎಂದಿತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಅದನ್ನು ದಿನಕ್ಕೆ ಎಂಟು, ವಾರಕ್ಕೆ ನಲವತ್ತೆಂಟು ಗಂಟೆಗಳಿಗೆ ಇಳಿಸಿತು. 1988ರ ವಾಹನ ಕಾಯಿದೆ ಆ ಮಿತಿಯನ್ನೇ ಅಂಗೀಕರಿಸಿತು. 2020ರ ಕಾರ್ಮಿಕ ಸಂಹಿತೆಯೊಳಗೆ 1961ರ ಕಾಯಿದೆಯೂ ಸೇರಿಹೋಯಿತು. ಕಾಗದದ ಮೇಲೆ ಚಾಲಕನು ಅರವತ್ತು ವರ್ಷಗಳಿಂದ ಸುಖವಾಗಿ ಮಲಗಿದ್ದಾನೆ. ಆದರೆ 1961ರ ಕಾಯಿದೆ ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ ಅನ್ವಯಿಸುವಂಥದು. ಸಾಲ ಮಾಡಿ ಒಂದೇ ಕಾರು ಕೊಂಡು ತಾನೇ ಮಾಲಕ ತಾನೇ ಚಾಲಕನಾದವನ ಗಂಟೆಗಳನ್ನು ಎಣಿಸುವವರು ಯಾರು? ಬ್ಯಾಂಕಿನ ಕಂತು ಮಾತ್ರ ಅವನನ್ನು ಎಣಿಸುತ್ತದೆ. ರಾಷ್ಟ್ರೀಯ ಪರವಾನಿಗೆಯ ಲಾರಿಗಳಲ್ಲಿ ಇಬ್ಬರು ಚಾಲಕರಿರಬೇಕೆಂಬ ನಿಯಮವೊಂದಿತ್ತು. 2018ರಲ್ಲಿ ಅದನ್ನೂ ಕೈಬಿಡಲಾಯಿತು. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಲಾರಿಯವನು ನಲವತ್ತೈದು ನಿಮಿಷ ನಿಲ್ಲಲೇಬೇಕು, ನಿಂತನೇ ಇಲ್ಲವೇ ಎಂಬುದನ್ನು ವಾಹನದೊಳಗಿನ ಯಂತ್ರವೊಂದು ಬರೆದಿಡುತ್ತದೆ. ಇಲ್ಲಿ ಅಕ್ಟೋಬರ್ 2025ರಿಂದ ತಯಾರಾಗುವ ಲಾರಿಗಳ ಚಾಲಕಕೋಣೆಗೆ ಹವಾನಿಯಂತ್ರಣ ಕಡ್ಡಾಯವಾದುದು ಒಂದು ಒಳ್ಳೆಯ ಕೆಲಸ. ಬೇಗೆಯೂ ದಣಿವಿನ ಒಂದು ಕಾರಣವಷ್ಟೆ.

ನಿದ್ರೆ ಹೇಳದೆ ಬಂದಿತೆಂಬ ವಾದವನ್ನು ನ್ಯಾಯಾಲಯಗಳು ಹಿಂದೆಯೇ ತಳ್ಳಿಹಾಕಿವೆ. 1945ರಲ್ಲಿ ಇಂಗ್ಲೆಂಡಿನಲ್ಲಿ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುತ್ತಿದ್ದವನೊಬ್ಬನು ತೂಕಡಿಸಿ, ರಸ್ತೆಯಲ್ಲಿ ಸಾಲಾಗಿ ಹೋಗುತ್ತಿದ್ದ ಸೈನಿಕರ ಮೇಲೆ ಕಾರನ್ನು ನುಗ್ಗಿಸಿದ. ನಿದ್ರೆಯಲ್ಲಿದ್ದಾಗ ನಡೆದುದಕ್ಕೆ ಅವನು ಹೊಣೆಯಲ್ಲದಿರಬಹುದು, ಆದರೆ ನಿದ್ರೆ ಬರುತ್ತಿದೆಯೆಂದು ತಿಳಿದೂ ಓಡಿಸಿದ್ದಕ್ಕೆ ಹೊಣೆಯೆಂದು ಮೇಲಿನ ನ್ಯಾಯಾಲಯ ತೀರ್ಮಾನಿಸಿತು. ಸೂಚನೆಗಳು ಇದ್ದೇ ಇರುತ್ತವೆ. ಮೇಲಿಂದ ಮೇಲೆ ಆಕಳಿಕೆ, ಕಣ್ಣುರಿ, ಕುತ್ತಿಗೆಯ ಜೋಲಾಟ, ವಾಹನ ಅಂಚಿನ ಬಿಳಿಗೆರೆಯತ್ತ ವಾಲುವುದು. ಎಲ್ಲಕ್ಕಿಂತ ಮುಖ್ಯವಾಗಿ, ಈಗ ದಾಟಿಬಂದ ಊರು ಯಾವುದೆಂಬುದು ನೆನಪಾಗದಿರುವುದು. ನೆಲ್ಯಾಡಿ ಯಾವಾಗ ಹೋಯಿತೆಂದು ಉಪ್ಪಿನಂಗಡಿಯಲ್ಲಿ ಯೋಚಿಸುವ ಚಾಲಕನು ಅಲ್ಲಿಂದ ಮುಂದಕ್ಕೆ ಒಂದು ಮೈಲಿಯೂ ಹೋಗತಕ್ಕದ್ದಲ್ಲ. ನೆಗಡಿಯ ಮಾತ್ರೆಗಳಲ್ಲಿ ಹಲವು ನಿದ್ರೆ ತರುತ್ತವೆಂಬುದೂ, ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟುವವರಿಗೆ ಎಂಟು ಗಂಟೆ ಮಲಗಿದರೂ ನಿದ್ರೆ ಸಾಲದೆಂಬುದೂ ಇಲ್ಲಿ ನೆನಪಿಡತಕ್ಕ ಸಂಗತಿಗಳು.

ಇನ್ನು ಚಹಾ. ಒಡಿಶಾ ಸರಕಾರ ಕೆಲವು ವರ್ಷಗಳ ಹಿಂದೆ ರಾತ್ರಿ ವೇಳೆ ಲಾರಿ ಚಾಲಕರಿಗೆ ಉಚಿತ ಚಹಾದ ಏರ್ಪಾಡನ್ನು ಪ್ರಕಟಿಸಿತ್ತು. ಬಂಟ್ವಾಳದ ದಾರಿಯಲ್ಲಂತೂ ಕಲ್ಲಡ್ಕದ ‘ಕೆ.ಟಿ.’ ಇದೆ, ಹಾಲಿನ ಮೇಲೆ ಡಿಕಾಕ್ಷನ್ ಬೇರೆಯಾಗಿಯೇ ತೇಲುವ ಆ ಲೋಟವನ್ನು ನೋಡುವುದೇ ಒಂದು ಎಚ್ಚರ. ಆದರೆ ಚಹಾದೊಳಗಿನ ಕೆಫೀನು ಕೆಲಸ ಆರಂಭಿಸಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಕಲ್ಲಡ್ಕದಲ್ಲಿ ಕುಡಿದದ್ದು ಮಿದುಳಿಗೆ ಮುಟ್ಟುವಾಗ ವಾಹನವು ಫರಂಗಿಪೇಟೆಯ ಆಸುಪಾಸಿನಲ್ಲಿರುತ್ತದೆ. ಅಪಾಯದ ದಾರಿಯನ್ನು ಅದಾಗಲೇ ಬರಿಗೈಯಲ್ಲಿ ದಾಟಿಯಾಗಿದೆ. ಚಹಾ ಕುಡಿದು, ಕೂಡಲೇ ಹದಿನೈದು ಇಪ್ಪತ್ತು ನಿಮಿಷ ಮಲಗಿ, ಮುಖ ತೊಳೆದು ಹೊರಡುವುದು ಸರಿಯಾದ ಕ್ರಮ. ಗಾಜು ಇಳಿಸುವುದು, ಹಾಡು ಹಚ್ಚುವುದು, ಕೆನ್ನೆಗೆ ಹೊಡೆದುಕೊಳ್ಳುವುದು ಇವೆಲ್ಲ ಕೆಲವು ನಿಮಿಷಗಳ ಉಪಾಯಗಳು.

ಮಲಗುವುದೆಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. ಬಿ.ಸಿ.ರೋಡಿನಿಂದ ಅಡ್ಡಹೊಳೆಯವರೆಗೆ ರಸ್ತೆಯನ್ನು ಚತುಷ್ಪಥ ಮಾಡುವ ಕಾಮಗಾರಿಗೆ ವರ್ಷಗಳೇ ಹಿಡಿದವು. ಮೂಡುಬಿದಿರೆಯ ದಾರಿಯೂ ಅಗಲವಾಗುವ ಹಾದಿಯಲ್ಲಿದೆ. ತಿರುವು ತೆಗೆದು ನೇರವಾಗಿಸಿದ ರಸ್ತೆ ತೂಕಡಿಕೆಗೆ ಹೆಚ್ಚು ಅನುಕೂಲವೆಂಬುದು ವಿಚಿತ್ರವಾದರೂ ನಿಜ. ಅಂಥ ರಸ್ತೆಗೆ ಅಂಚಿನಲ್ಲಿ ಗಡಗಡ ಸದ್ದು ಮಾಡಿ ಎಚ್ಚರಿಸುವ ಉಬ್ಬುಪಟ್ಟಿ ಬೇಕು, ದೀಪವೂ ಶೌಚಗೃಹವೂ ಇರುವ ನಿಲುಗಡೆಯ ತಾಣಗಳು ಬೇಕು. ಇಲ್ಲದೆ ಹೋದರೆ ವಿವೇಕಿಯಾದ ಲಾರಿ ಚಾಲಕನು ರಸ್ತೆಯ ಮಗ್ಗುಲಲ್ಲೇ ಹಿಂದಿನ ದೀಪವಿಲ್ಲದೆ ನಿಲ್ಲಿಸಿ ಮಲಗುತ್ತಾನೆ. ಅವನ ನಿದ್ರೆಯೇ ಹಿಂದಿನಿಂದ ಬರುವ ಇನ್ನೊಬ್ಬ ನಿದ್ದೆಗಣ್ಣಿನವನಿಗೆ ಮೃತ್ಯುವಾಗುತ್ತದೆ.

ಬೆಂಗಳೂರಿನ ಆ ಕುಟುಂಬವು ಮೂಡುಬಿದಿರೆಗೆ ಬರುವಾಗ ನಾಲ್ಕು ಗಂಟೆ ಕಳೆದಿತ್ತು. ಎಲ್ಲರೂ ಸಾವಿರ ಕಂಬದ ಬಸದಿಗೆ ಹೋದರು. 1430ರಲ್ಲಿ ಕಟ್ಟಿದ್ದೆಂದು ಮಗ ಓದಿ ಹೇಳಿದ. ಒಂದು ಕಂಬದಂತೆ ಇನ್ನೊಂದಿಲ್ಲವೆಂದು ಮಗಳು ಬೆರಳಿಟ್ಟು ತೋರಿಸಿದಳು. ಮುಕ್ಕಾಲು ಗಂಟೆಯ ಅನಂತರ ಹೊರಬಂದು ನೋಡಿದರೆ, ಕಾರಿನ ನಾಲ್ಕು ಬಾಗಿಲುಗಳೂ ತೆರೆದಿವೆ. ಮರದ ನೆರಳಿನಲ್ಲಿ ಚಾಲಕನು ಹಿಂದಿನ ಸೀಟಿನ ಮೇಲೆ ಬಾಯಿ ತೆರೆದು ಮಲಗಿದ್ದಾನೆ. ಒಂದು ಕಾಲು ಹೊರಗೆ ಜೋತುಬಿದ್ದಿದೆ. ಕತ್ತಲಾಗುವ ಮೊದಲು ಕಟೀಲು, ಆಮೇಲೆ ಉಡುಪಿ ಎಂಬುದು ಮುಂದಿನ ಏರ್ಪಾಡು. ಯಜಮಾನರು ಗಡಿಯಾರ ನೋಡಿ ಅವನನ್ನು ಎಬ್ಬಿಸಲು ಕೈ ಚಾಚಿದರು.

ತಾಯಿ ಅವರ ತೋಳನ್ನು ಹಿಡಿದರು.

“ಮಲಗಿರಲಿ ಬಿಡೋ. ಉಡುಪಿಗೆ ನಾಳೆ ಹೋದರಾಯಿತು. ರಾತ್ರಿಗೆ ಇಲ್ಲೇ ಎಲ್ಲಾದರೂ ರೂಮು ಸಿಗುತ್ತಾ ನೋಡು, ಅವನಿಗೂ ಸೇರಿಸಿ. ಬಾ, ಅಷ್ಟರೊಳಗೆ ಇನ್ನೊಂದು ಸಲ ಕಂಬ ಎಣಿಸಿಕೊಂಡು ಬರೋಣ.”